ಕಲ್ಲುಗುಂಡಿಯಿಂದ ಕಡಲಿಗೆ

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಪುತ್ತೂರು, ಸುಳ್ಯ, ಅರಂತೋಡುಗಳನ್ನು ದಾಟಿ ಮುಂದೆ ಸಾಗಿದರೆ, ಘಟ್ಟದ ಏರು ಮೊದಲಾಗುವುದಕ್ಕೆ ತುಸು ಮುನ್ನ ಕಲ್ಲುಗುಂಡಿಯೆಂಬ ಊರು ಸಿಕ್ಕುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಇದು ಕೆಲವು ಅಂಗಡಿಗಳ ಒಂದು ಸಾಲು ಮಾತ್ರ. ಇಳಿದು ನಡೆದವರಿಗೆ ಅಡಕೆಯ ತೋಟಗಳೂ ರಬ್ಬರಿನ ಮರಗಳೂ ಅವುಗಳ ನಡುವೆ ಕಲ್ಲುಗಳ ಮೇಲೆ ಹಾರಿ ಹರಿಯುವ ಪಯಸ್ವಿನಿಯೂ ಕಾಣುತ್ತವೆ. ಇಲ್ಲಿಯ ಜನರು ತುಳು, ಅರೆಭಾಷೆ, ಕನ್ನಡ, ಮಲೆಯಾಳಗಳನ್ನು ಒಂದೇ ಜಗಲಿಯಲ್ಲಿ ಕುಳಿತು ಆಡಬಲ್ಲರು. ಊರಿನ ಒಂದು ದಿಕ್ಕಿಗೆ ಕೊಡಗು, ಮತ್ತೊಂದು ದಿಕ್ಕಿಗೆ ಕಾಸರಗೋಡಿನ ಸೀಮೆ.

ಇಂತಹ ಮಲೆಯ ಮಡಿಲಿನ ಊರಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಮೊದಲನೆಯ ಸಂಬಂಧವು ನದಿಯದೇ. ಪಯಸ್ ಎಂಬ ಸಂಸ್ಕೃತ ಶಬ್ದಕ್ಕೆ ಹಾಲೆಂದೂ ನೀರೆಂದೂ ಎರಡರ್ಥಗಳುಂಟು. ಎರಡೂ ಈ ತಾಯಿಗೆ ಸಲ್ಲುತ್ತವೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾಯ್ದು, ಮುಂದೆ ಚಂದ್ರಗಿರಿಯೆಂಬ ಹೆಸರು ತಳೆದು ಕಾಸರಗೋಡಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಎರಡನೆಯ ಸಂಬಂಧವು ಮನುಷ್ಯರದು. ಇಲ್ಲಿಯ ಮನೆಗಳಿಂದ ಹುಡುಗರು ಘಟ್ಟ ಹತ್ತಿ ಭೂಸೈನ್ಯಕ್ಕೆ ಹೋದುದನ್ನು ಎಲ್ಲರೂ ಬಲ್ಲರು. ಘಟ್ಟಕ್ಕೆ ಬೆನ್ನು ಹಾಕಿ ನೌಕಾಬಲಕ್ಕೆ ಹೋದವರೂ ಇದ್ದರೆಂಬುದು ಅನೇಕರಿಗೆ ತಿಳಿಯದು.

ಅಂತಹ ಒಬ್ಬರ ಮನೆಗೆ ನಾವು ಕಳೆದ ಮಾರ್ಗಶಿರದಲ್ಲಿ ಹೋಗಿದ್ದೆವು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರ ತಂದೆ 1943ರಲ್ಲಿ, ಎಂಟನೆಯ ತರಗತಿ ಮುಗಿಸಿ ಮನೆಯ ತೋಟದಲ್ಲಿ ಕೆಲವು ವರುಷ ದುಡಿದ ಮೇಲೆ, ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಅಲ್ಲಿಂದ ಮುಂಬಯಿಗೆ ತೆರಳಿ ನೌಕಾಬಲವನ್ನು ಸೇರಿದರಂತೆ. 1946ರ ಬೇಸಗೆಯಲ್ಲಿ ಹಿಂದಿರುಗಿದರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಪಿಂಚಣಿಯಿಲ್ಲ, ಪದಕವಿಲ್ಲ, ಬಾಯಲ್ಲಿ ಮಾತೂ ಇಲ್ಲ. ಕಳವು ಮಾಡಿ ಸಿಕ್ಕಿಬಿದ್ದುದರಿಂದ ಹೊರಹಾಕಿದರೆಂದು ಊರಲ್ಲಿ ಯಾರೋ ಆಡಿದರು. ಆ ಮಾತು ಮೂವತ್ತು ವರುಷ ಅವರ ಬೆನ್ನ ಹಿಂದೆಯೇ ನಡೆಯಿತು. ಅವರು ತೀರಿಕೊಂಡ ಮೇಲೆ ಮಕ್ಕಳ ಬೆನ್ನು ಹಿಡಿಯಿತು. ಒಬ್ಬ ಮಗಳ ಸಂಬಂಧವು ಇದೇ ಮಾತಿನಿಂದ ಮುರಿಯಿತೆಂದು ಯಜಮಾನರು ತಗ್ಗಿದ ದನಿಯಲ್ಲಿ ಹೇಳಿದರು.

2022ರ ಆಗಸ್ಟಿನ ಮಳೆಗೆ ಕಲ್ಲುಗುಂಡಿಯ ಪೇಟೆಯೊಳಗೇ ಹೊಳೆ ನುಗ್ಗಿತಷ್ಟೆ. ಈ ಮನೆಯ ಕೆಳಗಿನ ಕೋಣೆಯಲ್ಲಿದ್ದ ಪತ್ರಗಳೆಲ್ಲ ಕೆಸರಾದುವು. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ಮಾತ್ರ ಉಳಿಯಿತು. ಆದರೂ ತೇವ ಹೊಕ್ಕು ಒಳಗಿನ ಕಾಗದದ ಮಸಿ ಹರಡತೊಡಗಿತ್ತು. ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ಓದಿಸಲು ಮನೆಯವರು ಅದುವರೆಗೆ ಹೆದರಿದ್ದರು. ಇನ್ನು ತಡೆದರೆ ಓದಲು ಅಕ್ಷರವೇ ಉಳಿಯದೆಂದು ನಮ್ಮನ್ನು ಕರೆಯಿಸಿದ್ದರು.

"ಮಾಸ್ಟ್ರೇ, ಅಪ್ಪ ಕದ್ದದ್ದು ಹೌದೋ ಅಲ್ಲವೋ, ಅಷ್ಟು ಹೇಳಿ. ಹೌದಾದರೆ ಮೊಮ್ಮಕ್ಕಳಿಗೆ ಹೇಳುವುದು ಬೇಡ," ಎಂದರು ಯಜಮಾನರು.

ಈ ಪ್ರಶ್ನೆಗೆ ಉತ್ತರವನ್ನು ಹೇಳುವ ಮುನ್ನ ಆ ಕಾಲದ ನೌಕಾಬಲದ ಪರಿಚಯ ಅವಶ್ಯ. 1612ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ಸೂರತ್ತಿಗೆ ಬಂದಂದಿನಿಂದ ಈ ಬಲದ ಚರಿತ್ರೆಯನ್ನು ಎಣಿಸುತ್ತಾರೆ. 1830ರಲ್ಲಿ ಅದು ಇಂಡಿಯನ್ ನೇವಿ ಎಂಬ ಹೆಸರು ಪಡೆಯಿತು. 1892ರಲ್ಲಿ ರಾಯಲ್ ಇಂಡಿಯನ್ ಮರೀನ್ ಆಯಿತು. 1934ರಲ್ಲಿ ರಾಯಲ್ ಇಂಡಿಯನ್ ನೇವಿ ಆಯಿತು. ನಮ್ಮ ದೇಶ ಗಣರಾಜ್ಯವಾದ 1950ರ ಜನವರಿ 26ರಂದು ರಾಯಲ್ ಎಂಬ ಶಬ್ದ ಕಳಚಿ ಬಿದ್ದಿತು. 1939ರಲ್ಲಿ ಮಹಾಯುದ್ಧವು ಆರಂಭವಾದಾಗ ಅದರಲ್ಲಿ ಎರಡು ಸಾವಿರಕ್ಕೂ ಕಡಮೆ ಜನರಿದ್ದರು. ಯುದ್ಧ ಮುಗಿಯುವಾಗ 25 ಸಾವಿರಕ್ಕೂ ಮಿಕ್ಕಿದ್ದರು. ಹಳ್ಳಿಯ ಓದು ಬಲ್ಲ ಹುಡುಗರು ಹೊಕ್ಕುದು ಆ ಹೆಚ್ಚಳದಲ್ಲಿಯೇ.

ಇನ್ನು ಕಾಗದದ ವಿಚಾರ. ನಾವಿಕನ ಸೇವಾಪತ್ರವು ಒಂದು ಜಾತಕದಂತಿರುತ್ತದೆ. ಮೇಲೆ ಹೆಸರು, ಸಂಖ್ಯೆ, ಹುಟ್ಟಿದ ದಿನ, ಊರು. ಬಳಿಕ ಮೈಮೇಲಿನ ಗುರುತುಗಳು. ಅನಂತರ ಯಾವ ಹಡಗಿನಲ್ಲಿ ಎಂದಿನಿಂದ ಎಂದಿನವರೆಗೆ ಇದ್ದನೆಂಬ ಸಾಲುಗಳು. ಒಂದು ಅಂಕಣದಲ್ಲಿ ಪ್ರತಿವರುಷದ ಡಿಸೆಂಬರ್ 31ರಂದು ಬರೆದ ನಡತೆಯ ಮಾತು. ಕಡೆಯಲ್ಲಿ ಬಿಡುಗಡೆಯ ದಿನ ಮತ್ತು ಕಾರಣ. ಇವರ ಪತ್ರದಲ್ಲಿ ಊರಿನ ಹೆಸರನ್ನು ಬರೆದವನು ತನಗೆ ಕೇಳಿಸಿದಂತೆ ಬರೆದಿದ್ದನು. ಕಲ್ಲುಗುಂಡಿಯು ಬೇರೆ ಯಾವುದೋ ಊರಿನಂತೆ ತೋರುತ್ತಿತ್ತು. ಆದರೆ ಕೆಳಗೆ ಪುತ್ತೂರು ತಾಲೂಕು, ದಕ್ಷಿಣ ಕನ್ನಡ, ಮದರಾಸು ಎಂದಿತ್ತು. ಆಗ ಸುಳ್ಯವು ಬೇರೆ ತಾಲೂಕಾಗಿರಲಿಲ್ಲ. ಜಿಲ್ಲೆಯು ಮದರಾಸಿನ ಆಳಿಕೆಗೆ ಸೇರಿದ್ದಿತು. ಆದಕಾರಣ ಹಳೆಯ ಕಾಗದಗಳಲ್ಲಿ ಇಂದಿನ ಭೂಪಟವನ್ನು ಹುಡುಕಬಾರದು.

ನಡತೆಯ ಅಂಕಣದಲ್ಲಿ 1943, 1944, 1945 ಈ ಮೂರು ವರುಷಗಳಿಗೂ 'ಬಹಳ ಉತ್ತಮ' ಎಂದೇ ಇದ್ದಿತು. ಅಪರಾಧ, ಶಿಕ್ಷೆ, ಸಂಬಳಕಡಿತ ಯಾವುದೂ ಇಲ್ಲ. ಕೆಲಸ ತಂತಿ ಸುದ್ದಿಯದು. ಕಡೆಯ ನೆಲೆ 1945ರ ನವೆಂಬರಿನಿಂದ ತಲವಾರ್. ಬಿಡುಗಡೆ 1946ರ ಎಪ್ರಿಲ್. ಕಾರಣದ ಸ್ಥಳದಲ್ಲಿ 'ಇನ್ನು ಈತನ ಸೇವೆ ಅವಶ್ಯವಿಲ್ಲ' ಎಂಬರ್ಥದ ಒಂದು ಸಾಲು.

ತಲವಾರ್ ಎಂಬುದು ಹಡಗಲ್ಲ. ಮುಂಬಯಿಯ ಕೊಲಾಬಾದಲ್ಲಿ ನೆಲದ ಮೇಲೆಯೇ ಇದ್ದ ಸಂಜ್ಞಾವಿದ್ಯೆಯ ಶಾಲೆ. 1946ರ ಫೆಬ್ರವರಿ 18ರಂದು ಅಲ್ಲಿಯ ನಾವಿಕರು ಕೆಟ್ಟ ಅನ್ನವನ್ನೂ ಮೇಲಧಿಕಾರಿಯ ಬೈಗುಳನ್ನೂ ಸಹಿಸದೆ ಕೆಲಸ ನಿಲ್ಲಿಸಿದರು. ಬಿಳಿಯ ನಾವಿಕರಿಗೂ ಇವರಿಗೂ ಸಂಬಳದಲ್ಲಿದ್ದ ಅಂತರವೂ ಮನಸ್ಸನ್ನು ಕುದಿಸಿತ್ತು. ಬೆಂಕಿಯು ಕರಾಚಿ, ಕಲ್ಕತ್ತೆ ಮೊದಲಾದ ರೇವುಗಳಿಗೆ ಹಬ್ಬಿತು. 78 ಹಡಗುಗಳೂ ಸುಮಾರು 20 ಸಾವಿರ ನಾವಿಕರೂ ಅದರಲ್ಲಿ ಸೇರಿದರೆಂದು ಲೆಕ್ಕ ಹೇಳುತ್ತಾರೆ. ಸರ್ದಾರ್ ಪಟೇಲರೂ ಜಿನ್ನಾರೂ ಹೇಳಿಕಳುಹಿಸಿದ ಮೇಲೆ 23ರಂದು ನಾವಿಕರು ಶರಣಾದರು. ಆಮೇಲೆ ನೂರಾರು ಮಂದಿಯನ್ನು ಕೆಲಸದಿಂದ ತೆಗೆದು ಊರಿಗಟ್ಟಿದರು.

ಇಷ್ಟನ್ನು ವಿವರಿಸಿ ನಾವು ಯಜಮಾನರಿಗೆ ಹೇಳಿದೆವು: "ನಿಮ್ಮ ತಂದೆಯವರ ಮೇಲೆ ಕಳವಿನ ಆರೋಪವು ಈ ಪತ್ರದಲ್ಲಿ ಎಲ್ಲಿಯೂ ಇಲ್ಲ. ಬಂಡಾಯವೆದ್ದ ದಿನ ಅವರು ಬಂಡಾಯದ ಮನೆಯಲ್ಲಿಯೇ ಇದ್ದರು. ಎರಡು ತಿಂಗಳಲ್ಲಿ ಅವರನ್ನು ಕಳುಹಿಸಿದರು. ಯುದ್ಧ ಮುಗಿದ ವರುಷ ಸಾವಿರಾರು ಜನರನ್ನು ಸುಮ್ಮನೆ ಕಳುಹಿಸಿದ್ದೂ ಉಂಟು. ಆದುದರಿಂದ ಅವರು ಮುಂದಾಳಾಗಿದ್ದರೆಂದು ನಾವು ಹೇಳಲಾರೆವು. ಕಳ್ಳರಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆವು."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ "ಅಷ್ಟು ಸಾಕು" ಎಂದರು. ಒಳಗಿನಿಂದ ಸೊಸೆಯನ್ನು ಕರೆದು, ಪೆಟ್ಟಿಗೆಯಲ್ಲಿದ್ದ ನಾವಿಕವೇಷದ ಭಾವಚಿತ್ರವನ್ನು ಚಾವಡಿಯ ಗೋಡೆಗೆ ತೂಗಹಾಕಲು ಹೇಳಿದರು. ಅದು ಅದುವರೆಗೆ ಗೋಡೆ ಕಂಡಿರಲಿಲ್ಲ.

ಆಳುವವರು ಇಟ್ಟ ಹೆಸರು ಮನೆಯವರಿಗೆ ಕಳಂಕವಾಗುವುದು ಈ ಸೀಮೆಗೆ ಹೊಸದಲ್ಲ. 1834ರಲ್ಲಿ ಕೊಡಗನ್ನು ಇಂಗ್ಲಿಷರು ಕೈವಶಮಾಡಿಕೊಂಡು ಅಮರ ಸುಳ್ಯದ ಮಾಗಣೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೊಡಬೇಕೆಂದಾಗ ರೈತರು ಕೆರಳಿದರು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ನಾಯಕತ್ವದಲ್ಲಿ ಹೊರಟ ದಂಡು 1837ರ ಎಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ತನ್ನ ಬಾವುಟವನ್ನು ಏರಿಸಿತು. ಸುಮಾರು ಎರಡು ವಾರಗಳಲ್ಲಿ ಅದು ಮುರಿಯಿತು, ಹಿರಿಯರನ್ನು ಗಲ್ಲಿಗೇರಿಸಿದರು. ಊರ ಬಾಯಲ್ಲಿ ಉಳಿದುದು 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹಗುರ ಮಾತು. ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿಯನ್ನು ಬರೆದರು. ಅನೇಕರು ಹಳೆಯ ದಸ್ತಾವೇಜುಗಳನ್ನು ಶೋಧಿಸಿದರು. 2022ರಲ್ಲಿ ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. 1946ರ ನೌಕಾ ಬಂಡಾಯವನ್ನೂ ಸ್ವತಂತ್ರ ಭಾರತದ ಸರಕಾರವು ಸ್ವಾತಂತ್ರ್ಯಯೋಧರ ಪಿಂಚಣಿಗೆ ಯೋಗ್ಯವಾದ ಹೋರಾಟಗಳಲ್ಲಿ ಒಂದೆಂದು ಒಪ್ಪಿದೆ.

ವಾಚಕರ ಮನೆಗಳಲ್ಲಿಯೂ ಕಡಲಿಗೆ ಹೋದ ಹಿರಿಯರಿದ್ದರೆ ಕೆಲವು ಮಾತುಗಳನ್ನು ನೆನಪಿಡಬೇಕು. ಹೆಸರಿಗಿಂತ ಸಂಖ್ಯೆಯೇ ಮುಖ್ಯ. ಹೆಸರು ನಾಲ್ಕು ಬಗೆಯಾಗಿ ಬರೆಯಲ್ಪಟ್ಟಿರಬಹುದು, ಸಂಖ್ಯೆಯು ಒಂದೇ. ಪದಕದ ಅಂಚಿನಲ್ಲಿ, ಲಕೋಟೆಯ ಮೂಲೆಯಲ್ಲಿ, ಭಾವಚಿತ್ರದ ಹಿಂಬದಿಯಲ್ಲಿ ಅದನ್ನು ಹುಡುಕಿರಿ. ಯುದ್ಧನೌಕೆಯ ನಾವಿಕರೋ ವ್ಯಾಪಾರಿ ಹಡಗಿನ ಖಲಾಸಿಗಳೋ ಎಂಬುದನ್ನು ಮೊದಲು ನಿಶ್ಚಯಿಸಿರಿ. ಇಬ್ಬರ ದಾಖಲೆಗಳೂ ಬೇರೆ. ಎರಡು ಮಹಾಯುದ್ಧಗಳಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರನ್ನು ಯಾರೂ ಹಣ ಕೊಡದೆ ನೋಡಬಹುದು. ಸಮುದ್ರವೇ ಸಮಾಧಿಯಾದ ಭಾರತೀಯ ನಾವಿಕರ ಹೆಸರುಗಳು ಮುಂಬಯಿಯ ಮತ್ತು ಚಿತ್ತಗಾಂಗಿನ ಸ್ಮಾರಕಗಳಿಗೆ ಸೇರಿವೆ. ಕಂಪೆನಿಯ ಕಾಲದ ನೌಕಾಪತ್ರಗಳು ಲಂಡನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ.

ತೇವ ತಗಲಿದ ಕಾಗದವನ್ನು ಬಿಸಿಲಿಗಿಡದೆ ಬಿಳಿಯ ಹಾಳೆಗಳ ನಡುವೆ ನೆರಳಿನಲ್ಲಿ ಒಣಗಿಸಿರಿ. ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿ ಮುಚ್ಚಬೇಡಿರಿ. ಭಾವಚಿತ್ರ ತೆಗೆದು ಎರಡು ಕಡೆ ಇಡಿರಿ. ಎಲ್ಲಕ್ಕಿಂತ ಮುಂಚೆ, ಮನೆಯಲ್ಲಿ ಎಂಬತ್ತು ದಾಟಿದವರನ್ನು ಕೇಳಿ ಅವರು ಹೇಳಿದುದನ್ನು ಬರೆದಿಡಿರಿ. ಕಾಗದವು ಹಡಗಿನ ಹೆಸರನ್ನು ಹೇಳುತ್ತದೆ. ಹಡಗಿನಿಂದ ಇಳಿದವನು ಮನೆಯ ಮೆಟ್ಟಿಲು ಹತ್ತಿದಾಗ ಹೇಗೆ ಕಂಡನೆಂಬುದನ್ನು ಅವರೇ ಹೇಳಬೇಕು. ಪಿತೃಋಣವನ್ನು ತಿಲೋದಕದಿಂದ ಮಾತ್ರವಲ್ಲ, ಅವರ ವಿಷಯದಲ್ಲಿ ಸತ್ಯವನ್ನು ತಿಳಿದು ಮಕ್ಕಳಿಗೆ ಹೇಳುವುದರಿಂದಲೂ ತೀರಿಸಬೇಕೆಂದು ನಾವು ತಿಳಿದಿದ್ದೇವೆ.