ಮೊದಲು ಕಬ್ಬಿಣ, ಆಮೇಲೆ ಚೀಲ

ಬೈಕಿನ ಎರಡೂ ಪಕ್ಕೆಗೆ ಭಾರ ತೂಗುಹಾಕುವ ವಿದ್ಯೆಯಲ್ಲಿ ನಮ್ಮ ಹಾಲಿನವರನ್ನು ಮೀರಿಸಿದವರಿಲ್ಲ. ಹಳೆಯ ರಾಜ್‌ದೂತ್ ಇರಲಿ, ಈಗಿನ ಸ್ಪ್ಲೆಂಡರ್ ಇರಲಿ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಒಂದು ಕಬ್ಬಿಣದ ಚೌಕಟ್ಟು, ಅದಕ್ಕೆ ಅತ್ತಿತ್ತ ಕೊಕ್ಕೆ, ಕೊಕ್ಕೆಗೆ ಕ್ಯಾನು. ಹೊತ್ತು ಮೂಡುವ ಮುಂಚೆ ಕೆಸರುದಾರಿಯಲ್ಲಿ ಅವರು ಸರಾಗವಾಗಿ ಸಾಗಿ ಡೇರಿ ಮುಟ್ಟುತ್ತಾರೆ. ಕ್ಯಾನಿಗೆ ಬಣ್ಣವಿಲ್ಲ, ಬ್ರ್ಯಾಂಡಿಲ್ಲ, ತಗ್ಗುಮುಗ್ಗಿಗೆ ಲೆಕ್ಕವಿಲ್ಲ. ಚೌಕಟ್ಟು ಮಾತ್ರ ಅಲ್ಲಾಡುವುದಿಲ್ಲ.

ಅವರಿಗೂ ಹಿಂದಿನವರು ಹಸುಬೆಯವರು. ಎತ್ತಿನ ಬೆನ್ನ ಮೇಲೆ ಅಡ್ಡಲಾಗಿ ಹಾಕಿ ಎರಡೂ ಪಕ್ಕೆಗೆ ಇಳಿಬಿಡುವ ಜೋಡಿಚೀಲವೇ ಹಸುಬೆ. ಲಂಬಾಣಿಗರು ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡೆಲ್ಲ ಸುತ್ತಿದವರು. 1791–92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಮುಟ್ಟಿಸಿದವರಲ್ಲಿ ಅವರೂ ಇದ್ದರು. ಎತ್ತಿನ ಬೆನ್ನು ಹುಣ್ಣಾದರೆ ವ್ಯಾಪಾರವೇ ನಿಲ್ಲುತ್ತದೆ. ಆದ್ದರಿಂದ ಹೊರುವ ಬೆನ್ನಿನ ಚಿಂತೆ ಮೊದಲು, ಹೇರುವ ಚೀಲದ ಚಿಂತೆ ಆಮೇಲೆ.

ಟೂರಿಂಗ್ ಹುಚ್ಚಿನ ನಾವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಮೊದಲು ಚೀಲವನ್ನು ಮೆಚ್ಚಿಕೊಳ್ಳುತ್ತೇವೆ, ಅದು ಯಾವುದರ ಮೇಲೆ ಕೂರಬೇಕೆಂಬ ಪ್ರಶ್ನೆ ಮನೆಗೆ ಬಂದ ಮೇಲೆ ಹುಟ್ಟುತ್ತದೆ.

ಚೀಲ ಮೆಚ್ಚುವುದಕ್ಕೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಇದೆ. ಗಾಡಿಯ ಬಿಡಿಭಾಗ, ಸೀಟ್ ಕವರ್, ಹಾರನ್ನು, ಎಲ್ಲದರ ನಡುವೆ ಗೋಡೆಯ ತುಂಬ ನೇತಾಡುವ ಸ್ಯಾಡಲ್‌ಬ್ಯಾಗುಗಳು. ಅಂಗಡಿಯ ಹುಡುಗನ ಮೊದಲ ಪ್ರಶ್ನೆ: “ಎಷ್ಟು ಲೀಟರ್ ಬೇಕು ಸಾರ್?” ಅಂಗಿ, ಪಂಚೆ, ಟವೆಲುಗಳನ್ನು ಲೀಟರಿನಲ್ಲಿ ಅಳೆಯುವ ಲೋಕಕ್ಕೆ ಹೊಸಬರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಜೋಡಿಗೆ ನಲವತ್ತರಿಂದ ಅರವತ್ತು ಲೀಟರಿನವು ಹೆಚ್ಚು ಓಡುತ್ತವೆ. ಅರವತ್ತು ಎಂದರೆ ಎಷ್ಟೆಂದು ಕೈಗೆ ಸಿಗದಿದ್ದರೆ ಮನೆಯಲ್ಲೇ ಒಂದು ಉಪಾಯವಿದೆ. ಒಯ್ಯಬೇಕಾದ ಬಟ್ಟೆಬರೆಯನ್ನು ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ಪಕ್ಕದಲ್ಲಿ ಒಟ್ಟಿ ನೋಡಿ. ಒಂದು ಕ್ಯಾನಿನಷ್ಟು ಸಾಮಾನು ಇಟ್ಟುಕೊಂಡು ಮೂರು ಕ್ಯಾನಿನಷ್ಟು ಚೀಲ ಕೊಳ್ಳುವವರೇ ಹೆಚ್ಚು. ಖಾಲಿ ಜಾಗ ಇದೆಯೆಂದು ತಿಳಿದರೆ ಸಾಮಾನು ತಾನಾಗಿ ಬೆಳೆಯುತ್ತದೆ. ಹೋಗುವಾಗ ಬೆಳೆಯದಿದ್ದರೆ ಬರುವಾಗ ಮಡಿಕೇರಿಯ ಕಾಫಿಪುಡಿ, ಜೇನು, ಧಾರವಾಡದ ಪೇಡ ಸೇರಿ ಬೆಳೆಸುತ್ತವೆ.

ಹುಡುಗನ ಎರಡನೆಯ ಪ್ರಶ್ನೆ ಬಟ್ಟೆಚೀಲವೋ ಅಲ್ಯುಮಿನಿಯಂ ಪೆಟ್ಟಿಗೆಯೋ ಎಂಬುದು. ಪೆಟ್ಟಿಗೆಗೆ ಬೀಗ ಬೀಳುತ್ತದೆ, ನೀರು ಇಳಿಯುವುದಿಲ್ಲ, ನೋಡಿದವರು ಲಡಾಖಿಗೆ ಹೊರಟಿದ್ದೀರಾ ಎಂದು ಕೇಳುತ್ತಾರೆ. ಆದರೆ ಅಗಲ ಕೊಬ್ಬಿರುತ್ತದೆ. ಹ್ಯಾಂಡಲ್ ತೂರಿದ ಸಂದಿಯಲ್ಲಿ ಹಿಂಭಾಗ ತೂರಬೇಕಲ್ಲ? ಸಿಲ್ಕ್ ಬೋರ್ಡಿನ ಸಂಜೆಯ ಟ್ರಾಫಿಕ್ಕಿನಲ್ಲಿ ಸವಾರನಿಗೆ ಕಾಣುವುದು ಹ್ಯಾಂಡಲ್ ಒಂದೇ, ಕಾರಿನ ಕನ್ನಡಿ ಮುರಿಯುವುದು ಪೆಟ್ಟಿಗೆ. ಕಲ್ಲುದಾರಿಯಲ್ಲಿ ಗಾಡಿ ವಾಲಿದಾಗ ನೆಲಕ್ಕೂರಿದ ಕಾಲಿನ ಮೀನಖಂಡಕ್ಕೆ ಗಟ್ಟಿ ಪೆಟ್ಟಿಗೆ ಬಂದು ಬಡಿಯುವ ಅಪಾಯವೂ ಇದೆ. ಬಟ್ಟೆಚೀಲ ಅಲ್ಲಿ ಮೆತ್ತಗೆ ಮಣಿಯುತ್ತದೆ. ಅದಕ್ಕೆ ಬೀಗವಿಲ್ಲ ಎಂಬುದು ನಿಜ. ರಾತ್ರಿ ತಂಗುವ ಕಡೆ ಬಿಚ್ಚಿ ಒಳಗೆ ಒಯ್ಯಬೇಕು.

ಮಳೆಯ ವಿಷಯದಲ್ಲಿ ಬಟ್ಟೆಚೀಲದ ಜಾಹೀರಾತನ್ನು ಪೂರ್ತಿ ನಂಬಬೇಡಿ. ಜೊತೆಗೆ ಕೊಡುವ ಹೊದಿಕೆ ವೇಗಕ್ಕೆ ಪಟಪಟ ಹಾರುತ್ತದೆ, ಚಕ್ರ ಎರಚಿದ ನೀರು ಅದರ ತಳದಲ್ಲೇ ನಿಲ್ಲುತ್ತದೆ. ಬಾಯಿ ಸುರುಳಿ ಸುತ್ತುವ ಜಾತಿಯ ಚೀಲ ವಾಸಿ. ಆಗುಂಬೆ, ಸಕಲೇಶಪುರದ ಜುಲೈ ಮಳೆಗೆ ಅದರೊಳಗೂ ಜವಳಿ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರ್ ಇರಲಿ.

ಇನ್ನು ಮನೆಯವರ ಪ್ರಶ್ನೆ. “ರೀ, ಎರಡೂ ಕಡೆ ಚೀಲ ಕೂತ್ರೆ ನಾನೆಲ್ಲಿ ಕಾಲಿಡ್ಲಿ?” ಇಡೀ ಸ್ಯಾಡಲ್‌ಬ್ಯಾಗ್ ಉದ್ಯಮವನ್ನೇ ಕೇಳಬೇಕಾದ ಪ್ರಶ್ನೆ ಇದು. ಜಾಹೀರಾತಿನ ಸವಾರ ಯಾವಾಗಲೂ ಒಂಟಿ, ಅವನ ಹಿಂದಿನ ಸೀಟು ಯಾವಾಗಲೂ ಖಾಲಿ. ನಮ್ಮ ಬೈಕು ಸಂಸಾರಸ್ಥರದು. ಸೀರೆಯುಟ್ಟು ಒಂದೇ ಕಡೆಗೆ ಕೂತರೆ ಎರಡು ಕಾಲೂ ಎಡಕ್ಕೆ ಬರುತ್ತವೆ, ಎಡದ ಚೀಲಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಚೂಡಿದಾರದಲ್ಲಿ ಎರಡು ಕಡೆ ಕಾಲು ಹಾಕಿ ಕೂತರೂ ಚೀಲದ ಮುಂತುದಿ ಫುಟ್‌ರೆಸ್ಟಿಗಿಂತ ಹಿಂದೆ ಸರಿದಿರಬೇಕು. ಇಲ್ಲದಿದ್ದರೆ ತುಮಕೂರು ದಾಟುವುದರೊಳಗೆ ಮೊಣಕಾಲು ದೂರು ಕೊಡುತ್ತದೆ, ಶಿರಾದಲ್ಲಿ ದೂರಿನ ದನಿ ಏರುತ್ತದೆ.

ಇಲ್ಲಿ ಫಿಟ್ಟಿಂಗಿನವನು ಒಂದು ಪರಿಹಾರ ಹೇಳುತ್ತಾನೆ: “ಈ ಸೀರೆ ಗಾರ್ಡ್ ಕಟ್ ಮಾಡಿಬಿಡಿ ಸಾರ್, ಸ್ಟೇ ನೀಟಾಗಿ ಕೂರುತ್ತೆ.” ಸ್ಟೇ ಎಂದರೆ ಚೀಲವನ್ನು ಹೊರುವ ಬಾಗಿದ ಕಬ್ಬಿಣದ ಕೊಳವೆ. ಅವನ ಮಾತಿಗೆ ಒಪ್ಪಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ ಹಿಂಬದಿಯವರಿಗೆ ಹಿಡಿಕೆ ಇರಬೇಕು, ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು. ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿ ಆಗುವ ಅನಾಹುತ ಬಲ್ಲವರು ಬರೆದ ನಿಯಮ ಅದು. ಗಾರ್ಡನ್ನು ಉಳಿಸಿಕೊಂಡು ಅದರ ಹೊರಗೆ ಕೂರುವ ಸ್ಟೇ ಹುಡುಕಬೇಕು.

ಎಡಕ್ಕೆ ಸಂಸಾರವಾದರೆ ಬಲಕ್ಕೆ ಸೈಲೆನ್ಸರು. ಎನ್‌ಫೀಲ್ಡ್ ಕ್ಲಾಸಿಕ್‌ನದು ಕೆಳಗೆ ಮಲಗಿರುವುದರಿಂದ ಬಚಾವು. ಹಿಮಾಲಯನ್‌ನದು ಮೇಲಕ್ಕೆ ಮೂತಿ ಎತ್ತಿರುತ್ತದೆ, ಬಲದ ಚೀಲ ಅದರ ನೆತ್ತಿಯ ಮೇಲೇ ಬರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಯೆಜ್ಡಿ ಉಳ್ಳವರಿಗೆ ಎರಡೂ ಪಕ್ಕೆಗೆ ಒಂದೊಂದು ಸೈಲೆನ್ಸರು. ನೈಲಾನ್ ಸುಮಾರು 220 ಡಿಗ್ರಿಗೆಲ್ಲ ಕರಗುವ ಜಾತಿ, ಮೆತ್ತಗಾಗಿ ಅಂಟುವುದು ಅದಕ್ಕೂ ಮೊದಲೇ. ಚೀಲದ ತಳಕ್ಕೂ ಸೈಲೆನ್ಸರಿಗೂ ನಡುವೆ ನಾಲ್ಕು ಬೆರಳು ಅಂತರ ಇರಲಿ. ಅಂತರವನ್ನು ಗಾಡಿ ಖಾಲಿ ನಿಂತಾಗ ನೋಡಬಾರದು. ಚೀಲ ತುಂಬಿಸಿ, ಇಬ್ಬರೂ ಕೂತು, ಒಮ್ಮೆ ಜೋರಾಗಿ ಕುಪ್ಪಳಿಸಿ ನೋಡಬೇಕು. ಹಂಪುಗಳಿಗೆ ಬರವಿಲ್ಲದ ನಾಡಿನಲ್ಲಿ ಈ ಪರೀಕ್ಷೆ ಪಾಸಾಗದ ಚೀಲ ಚಕ್ರಕ್ಕೋ ಸೈಲೆನ್ಸರಿಗೋ ಆಹುತಿ.

ಎಡಬಲದ ಈ ಜಗಳವನ್ನೆಲ್ಲ ತೀರಿಸುವುದು ಇದೇ ಸ್ಟೇ. ಅದು ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟು, ಹಿಡಿಕೆಯ ಬೋಲ್ಟು, ಇಂಥ ಗಟ್ಟಿ ಜಾಗ ಹಿಡಿದಿರಬೇಕು. ಕೊಳವೆಯ ದಪ್ಪ ಸೇರಿದ್ದರಿಂದ ಬೋಲ್ಟು ಉದ್ದದ್ದು ಬೇಕು, ಅದುರುವಿಕೆಗೆ ಸಡಿಲಾಗದ ನೈಲಾಕ್ ನಟ್ಟು ಬೇಕು. ಮೊದಲ ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು. ಇಂಡಿಕೇಟರ್, ನಂಬರ್ ಪ್ಲೇಟು ಮರೆಯಾಗಬಾರದು. ಪಟ್ಟಿಯ ತುದಿ ನೇತಾಡಿದರೆ ಚೈನು ಅದನ್ನು ಎಳೆದುಕೊಳ್ಳುತ್ತದೆ, ಮಡಚಿ ಕಟ್ಟಬೇಕು. ಸ್ಟೇ ಇಲ್ಲದೆ ಸೀಟಿನ ಮೇಲೆ ಬರೀ ವೆಲ್ಕ್ರೋ ಪಟ್ಟಿ ಹಾಕಿ ಇಳಿಬಿಟ್ಟ ಚೀಲ ತಿರುವಿಗೊಮ್ಮೆ ಒಳಕ್ಕೆ ಜಾರುತ್ತದೆ.

ತುಂಬುವಾಗಲೂ ಒಂದು ನ್ಯಾಯವಿದೆ. ಭಾರದ್ದು ತಳಕ್ಕೆ, ಮುಂದಕ್ಕೆ, ಹಗುರದ್ದು ಮೇಲೆ, ಪಂಕ್ಚರ್ ಸಾಮಾನು ಕೈಗೆ ಸಿಗುವಲ್ಲಿ. ಎರಡೂ ಚೀಲವನ್ನು ಕೈಯಲ್ಲೆತ್ತಿ ತೂಗಿ ನೋಡಿ. ಒಂದು ಕಡೆ ಬರೀ ಬಟ್ಟೆ, ಇನ್ನೊಂದು ಕಡೆ ಉಪ್ಪಿನಕಾಯಿ ಜಾಡಿ ಇಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ. ಹಿಂದಿನ ಸ್ಪ್ರಿಂಗನ್ನು ಒಂದೆರಡು ಹಂತ ಬಿಗಿ ಮಾಡಿಸಿ, ಟೈರಿನ ಗಾಳಿಯನ್ನು ಇಬ್ಬರು ಕೂತಾಗ ಇರಬೇಕೆಂದು ಕಂಪನಿಯ ಪುಸ್ತಕ ಹೇಳುವಷ್ಟು ಹಾಕಿಸಿ. ಅದೇ ಪುಸ್ತಕದಲ್ಲಿ ಗಾಡಿ ಹೊರಬಲ್ಲ ಒಟ್ಟು ಭಾರವೂ ಇರುತ್ತದೆ. ಸ್ಟೇಯ ತೂಕ, ಚೀಲದ ತೂಕ, ಇಬ್ಬರ ತೂಕ ಕಳೆದ ಮೇಲೆ ಉಳಿಯುವುದು ನಿಮ್ಮ ಲಗೇಜಿನ ಪಾಲು. ಲೆಕ್ಕ ಹಾಕಿದವರು ಅಲ್ಯುಮಿನಿಯಂ ಪೆಟ್ಟಿಗೆಯ ಆಸೆ ಬಿಡುತ್ತಾರೆ.

ಚೀಲ ಕೊಳ್ಳಲು ಹೊರಟವರಿಗೆ ನನ್ನ ಮಾತು ಇಷ್ಟೇ. ಅಂಗಡಿಗೆ ಬೈಕನ್ನೂ ಹಿಂದಿನ ಸೀಟಿನವರನ್ನೂ ಕರೆದುಕೊಂಡು ಹೋಗಿ. ಅವರನ್ನು ಕೂರಿಸಿ ಕಾಲಿನ ಜಾಗ ನೋಡಿ, ಸ್ಟೇ ಹಾಕಿಸಿ, ಕಡೆಗೆ ಅದರ ಅಳತೆಗೆ ಒಪ್ಪುವ ಚೀಲ ಆರಿಸಿ. ದುಡ್ಡು ಕಡಿಮೆ ಬಿದ್ದರೆ ಚೀಲದಲ್ಲಿ ಹಿಡಿತ ಮಾಡಿ, ಕಬ್ಬಿಣದಲ್ಲಿ ಬೇಡ.