ಅರಿವಳಿಕೆ ವೈದ್ಯರ ಪರಿಣತಿ

ದೀರ್ಘ ಕಲಿಕೆಯಿಂದ ಪಳಗಿದವರನ್ನು ಅವರು ಮಾಡಿ ತೋರಿಸಿದ ಕೆಲಸದಿಂದ ಅಳೆಯುವುದು ವಾಡಿಕೆಯಾದರೂ, ಅರಿವಳಿಕೆ ವೈದ್ಯರ ಮಟ್ಟಿಗೆ ಆ ಅಳತೆ ಸಾಲದು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ಅನಂತರ ಮೂರು ವರ್ಷದ ಎಂ.ಡಿ. ಮುಗಿಸಿ ಈ ವೃತ್ತಿಗೆ ಬರುವವರ ಹೆಸರು, ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆದ ರೋಗಿಗೆ ಅನೇಕ ಸಲ ತಿಳಿದೇ ಇರುವುದಿಲ್ಲ.

ಪೂರ್ಣ ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಿಸುವ ಔಷಧಿಯನ್ನೂ ಬಳಸಿದರೆ ರೋಗಿಯ ಸ್ವಂತ ಉಸಿರಾಟ ನಿಂತುಹೋಗುತ್ತದೆ. ಆಗ ಲ್ಯಾರಿಂಗೋಸ್ಕೋಪ್, ಅಂದರೆ ನಾಲಗೆಯನ್ನು ಸರಿಸಿ ಧ್ವನಿತಂತುಗಳನ್ನು ಕಾಣಿಸುವ ದೀಪವುಳ್ಳ ಉಪಕರಣದ ನೆರವಿನಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ವೈದ್ಯರು ಆ ಉಸಿರಿನ ಹೊಣೆಯನ್ನು ತಾವು ಹೊರುತ್ತಾರೆ. ಆಮ್ಲಜನಕವಿಲ್ಲದೆ ಮಿದುಳು ಕೆಲವೇ ನಿಮಿಷಗಳಲ್ಲಿ ಘಾಸಿಗೊಳ್ಳುವುದರಿಂದ, ಕೊಳವೆ ಸುಲಭವಾಗಿ ಇಳಿದೀತೇ ಎಂಬುದನ್ನು ಮೊದಲೇ ಊಹಿಸಬೇಕಾಗುತ್ತದೆ. ಭಾರತೀಯ ಮೂಲದ ವೈದ್ಯ ಶೇಷಗಿರಿ ಮಲ್ಲಂಪಾಟಿ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗಿ ಬಾಯಿ ತೆರೆದು ನಾಲಗೆ ಚಾಚಿದಾಗ ಕಿರುನಾಲಗೆಯೂ ಅಂಗುಳಿನ ಹಿಂಭಾಗವೂ ಎಷ್ಟು ಕಾಣುತ್ತವೆಂದು ನೋಡಲಾಗುತ್ತದೆ. ಇದೊಂದನ್ನೇ ನಂಬುವಂತಿಲ್ಲವಾದ್ದರಿಂದ ದವಡೆ, ಹಲ್ಲು, ಕುತ್ತಿಗೆಯ ಚಲನೆ, ಹಿಂದಿನ ಶಸ್ತ್ರಚಿಕಿತ್ಸೆಯ ವಿವರ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ಕೊಳವೆ ಇಳಿಯದೆ ಹೋಗುವುದುಂಟು, ಮತ್ತು ಪರಿಣತಿ ನಿಜವಾಗಿ ಒರೆಗೆ ಹತ್ತುವುದು ಆ ಗಳಿಗೆಯಲ್ಲೇ. ಸಾವಿರಾರು ಸಲ ಇದೇ ಕೆಲಸ ಮಾಡಿದ ಕೈಗೆ ಇನ್ನೊಮ್ಮೆ ಯತ್ನಿಸಿದರೆ ಆದೀತೆಂಬ ಭರವಸೆ ಸಹಜವಾಗಿ ಹುಟ್ಟುತ್ತದೆ. ಆದರೆ ಪ್ರತಿ ಯತ್ನದಿಂದಲೂ ಗಂಟಲು ಊದಿಕೊಂಡು, ರಕ್ತ ಒಸರಿ, ಮುಖಗವುಸಿನಿಂದ ಗಾಳಿ ಕೊಡುವ ದಾರಿಯೂ ಮುಚ್ಚುವ ಅಪಾಯ ಬೆಳೆಯುತ್ತದೆ. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2015ರ ಮಾರ್ಗಸೂಚಿ ಇಂಥ ಯತ್ನಗಳನ್ನು 3ಕ್ಕೆ ಮಿತಿಗೊಳಿಸಿ, ನಾಲ್ಕನೆಯದನ್ನು ಹೆಚ್ಚು ಅನುಭವಿಯಾದ ಸಹೋದ್ಯೋಗಿಗೆ ಮಾತ್ರ ಬಿಟ್ಟಿತು. ಅಲ್ಲಿಗೂ ಆಗದಿದ್ದರೆ ಬೇರೆ ಉಪಕರಣದಿಂದ ಉಸಿರು ಕೊಡುವುದು, ಸಾಧ್ಯವಿದ್ದರೆ ರೋಗಿಯನ್ನು ಎಚ್ಚರಗೊಳಿಸುವುದು ಮುಂದಿನ ಹೆಜ್ಜೆ. ಉಪಕರಣವನ್ನು ಕೆಳಗಿಟ್ಟು ಇನ್ನೊಬ್ಬರನ್ನು ಕೂಗಿ ಕರೆಯುವ ಈ ಧೈರ್ಯವೂ ಕೈಚಳಕದಷ್ಟೇ ಕಲಿತು ರೂಢಿಸಿಕೊಳ್ಳಬೇಕಾದ ವಿದ್ಯೆಯಾಗಿದ್ದು, ಅದನ್ನು ಸೋಲೆಂದು ಕಾಣುವ ಆಸ್ಪತ್ರೆ ತನ್ನ ರೋಗಿಗಳಿಗೇ ಕೇಡು ಬಗೆಯುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರು ಬಂದು ಬಾಯಿ ತೆರೆಯಲು ಹೇಳಿದಾಗ, ಅಲುಗಾಡುವ ಹಲ್ಲು, ಹಳೆಯ ಆಪರೇಷನ್, ಕೊನೆಯ ಊಟದ ಹೊತ್ತು ಇವುಗಳನ್ನು ಕೇಳಿದಾಗ, ರೋಗಿಯೂ ಮನೆಯವರೂ ಏನನ್ನೂ ಮುಚ್ಚಿಡದೆ ಉತ್ತರಿಸಬೇಕು. ಹಿಂದೊಮ್ಮೆ ಕೊಳವೆ ಹಾಕಲು ಕಷ್ಟವಾಗಿತ್ತೆಂದು ಯಾರಾದರೂ ಬರೆದುಕೊಟ್ಟಿದ್ದರೆ ಆ ಕಾಗದವನ್ನು ಮರೆಯದೆ ತೋರಿಸಬೇಕು.