ಮೂರು ಹೆಸರಿನ ಕಾಗಿ

ಬೀದರ್‌ನಲ್ಲಿ ಶಿಕ್ಷಣದ ಬಗ್ಗೆ ಮಾತಾಡುವವರು ಮಹಮೂದ್ ಗವಾನನಿಂದಲೇ ಶುರು ಮಾಡಬೇಕು. ಯಾರೂ ಬರೆದಿಡದ ಕಾನೂನು ಅದು. ನಮ್ಮ ಓಣಿಯ ಅಂಗನವಾಡಿಯಲ್ಲಿ ಐವತ್ತರ ಸಂಭ್ರಮ ನಡೆದ ದಿನವೂ ಮುಖ್ಯ ಅತಿಥಿಗಳು ಅವನು ಕಟ್ಟಿಸಿದ 1472ರ ಮದರಸಾದಿಂದ ಹೊರಟರು. ಅಂಗನವಾಡಿ ಯೋಜನೆ ಹುಟ್ಟಿದ್ದು 1975ರ ಅಕ್ಟೋಬರ್ 2ರಂದು. ನಡುವೆ ಐನೂರಾ ಮೂರು ವರ್ಷದ ದಾರಿ. ಭಾಷಣದಲ್ಲಿ ಮದ್ದು ಸಿಡಿದು ಮದರಸಾದ ಮಿನಾರು ಉರುಳುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಆಯಾ ಬಂದು ಒಂದೊಂದನ್ನೇ ಎತ್ತಿ ಚಾಪೆಯ ಮೇಲೆ ಮಲಗಿಸಿದಳು. ನನ್ನನ್ನೂ ಎತ್ತಿಕೊಂಡು ಹೋಗಿದ್ದರೆ ನಾನೇನು ಬೇಡ ಅನ್ನುತ್ತಿರಲಿಲ್ಲ.

ವೇದಿಕೆಯ ಹಿಂದೆ ಬ್ಯಾನರ್. ಗೋಡೆಗೆ ಬಣ್ಣ ಹೊಡೆಸಿದ ಟ್ರಸ್ಟು, ಕುರ್ಚಿ ಕೊಡಿಸಿದವರು, ನೀರಿನ ಫಿಲ್ಟರ್ ಕೊಟ್ಟವರು, ಎಲ್ಲರ ಹೆಸರಿಗೂ ಅದರಲ್ಲಿ ಜಾಗ ಸಿಕ್ಕಿತ್ತು. 'ಅಂಗನವಾಡಿ' ಮಾತ್ರ ಬಲೂನಿನ ಗೊಂಚಲಿಗೆ ಸಿಕ್ಕಿ 'ವಾಡಿ' ಅಷ್ಟೇ ಉಳಿದಿತ್ತು. ನಟ್ಟನಡುವೆ ದಪ್ಪ ಅಕ್ಷರದಲ್ಲಿ 'ಸಹಭಾಗಿತ್ವದಲ್ಲಿ'. ಸ್ವಾಗತ ಕೋರಿದ ಅಕ್ಕೋರು ಆ ಪದಕ್ಕೆ ಎರಡು ಸಲ ಎಡವಿ, ಮೂರನೇ ಸಲ "ಎಲ್ಲಾರೂ ಕೂಡಿ" ಅಂದುಬಿಟ್ಟರು. ಚಪ್ಪಾಳೆ ಬಿದ್ದದ್ದು ಆಗಲೇ.

ನಾನು ಕಲಿತದ್ದೂ ಎಲ್ಲಾರೂ ಕೂಡಿ ನಡೆಸಿದ ಸಾಲಿಯಲ್ಲೇ. ಔರಾದ್ ಕಡೆಯ ಹಳ್ಳಿ, ಮಳೆ ಬಿದ್ದರೆ ಚಪ್ಪಲಿಯನ್ನೇ ನುಂಗುವ ಎರೆ ನೆಲ. ನಮ್ಮ ಬಾಲವಾಡಿ ಗೌಡರ ಪಡಸಾಲೆಯಲ್ಲಿತ್ತು. ಅದರ ಇನ್ನರ್ಧ ಎಮ್ಮೆಯದು. ಕೊಡ ಪಕ್ಕದ ಮನೆ ಖಾಲಾನದು, ಉಪ್ಪೂ ಆಕೆಯದೇ. ಕಟಿಗಿ ನಮ್ಮದು, ದಿನಕ್ಕೆ ತಲೆಗೊಂದು. ಒಲೆಯ ಮೇಲೆ ಮೆಕ್ಕೆಜೋಳದ ಹಳದಿ ಉಪ್ಪಿಟ್ಟು ಕುದಿಯುವಾಗ ನಾವು ಪಾಟಿಯ ಮೇಲೆ ಬರೆದ 'ಅ' ಅಕ್ಷರವೆಲ್ಲ ಒಲೆಯ ಕಡೆಗೇ ವಾಲುತ್ತಿತ್ತು. ಒಂದು ದಿನ ಅಕ್ಕೋರು ಕಾಗೆಯ ಚಿತ್ರ ಹಿಡಿದು ಇದೇನೆಂದು ಕೇಳಿದರು. ನಾನು "ಕಾಗಿ" ಅಂದೆ. ಮರಾಠಿ ಮನೆಯ ಹುಡುಗ "ಕಾವಳಾ" ಅಂದ. ಖಾಲಾನ ಮಗಳು "ಕವ್ವಾ" ಅಂದಳು. ಜಗಳ ಹತ್ತಿತು, ಎರಡು ಪಾಟಿ ಒಡೆದವು.

"ಮೂರೂ ಖರೇನೇ ಅವ. ಅಂಗಳಕ್ಕ ಹೋಗಿ ಕರದು ನೋಡ್ರಿ, ಯಾರ್ ಕರದ್ರ ಬರ್ತದ," ಅಂದರು ಅಕ್ಕೋರು.

ಬೇವಿನ ಮರದ ಕೆಳಗೆ ನಿಂತು ಮೂರು ಭಾಷೆಯಲ್ಲಿ ಕೂಗಿದೆವು. ಕಾಗೆ ಬಂತು. ಯಾರ ಕೂಗಿಗೆ ಬಂತೋ ಗೊತ್ತಿಲ್ಲ, ನನ್ನ ತಟ್ಟೆಯ ಉಪ್ಪಿಟ್ಟು ಎತ್ತಿಕೊಂಡು ಹೋಯಿತು.

ಅವ್ವನ ತವರು ಭಾಲ್ಕಿ. ಅಲ್ಲಿ ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ನಮ್ಮಜ್ಜ, ಫಲಕಕ್ಕೆ ಮೊಳೆ ಹೊಡೆದವನು ತಾನೇ ಎಂಬಂತೆ ಹೇಳುತ್ತಿದ್ದ. ನಮ್ಮ ಬಾಲವಾಡಿಗೋ ಫಲಕವೇ ಇರಲಿಲ್ಲ, ಒಳಗೆ ಮಾತ್ರ ಮೂರೂ ಭಾಷೆ, ಮೇಲೆ ಎಮ್ಮೆಯದೊಂದು.

ಅತಿಥಿಗಳು ಗವಾನನನ್ನು ಬಿಟ್ಟು ತಾರಾಬಾಯಿ ಮೋಡಕ್ ಅವರಿಂದ ಶುರು ಮಾಡಿದ್ದರೆ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಮಕ್ಕಳು ಸಾಲಿಗೆ ಬಾರದಿದ್ದರೆ ಸಾಲಿಯೇ ಅವರ ಅಂಗಳಕ್ಕೆ ಹೋಗಲಿ ಎಂದು 1945ರ ಸುಮಾರಿಗೆ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹೊರಟ ಹೆಂಗಸು ಆಕೆ. ಸರ್ಕಾರ ಆ ದಾರಿ ಹಿಡಿಯಲು ಮೂವತ್ತು ವರ್ಷ ಹಿಡಿಯಿತು. ನಮ್ಮ ರಾಜ್ಯದಲ್ಲಿ ಅಂಗನವಾಡಿ ಮೊದಲು ಶುರುವಾದದ್ದು ಟಿ. ನರಸೀಪುರದಲ್ಲಿ. ಅದು ಆ ತುದಿ, ನಾವು ಈ ತುದಿ. ಯಾವುದೇ ಒಳ್ಳೆಯದು ನಮ್ಮನ್ನು ತಲುಪುವಷ್ಟರಲ್ಲಿ ದಣಿದಿರುತ್ತದೆ. ಇವತ್ತಿಗೂ ಅಕ್ಕೋರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಆ ದಿನ ಅವರಿಗೆ ಶಾಲೂ ಹೊದಿಸಿದರು. ಅವರು ಅದನ್ನು ಮಡಚಿ, ಚಾಪೆಯ ಮೇಲೆ ಮಲಗಿದ್ದ ಕೂಸಿನ ತಲೆಯ ಕೆಳಗಿಟ್ಟರು.

"ಕಾಕಾ, ತತ್ತಿ ಯಾವಾಗ ಕೊಡ್ತಾರ?" ಪಕ್ಕದಲ್ಲಿ ಎಚ್ಚರವಿದ್ದ ಒಂದೇ ಒಂದು ಪೋರಿ ನನ್ನ ಅಂಗಿ ಜಗ್ಗಿದಳು.

"ಭಾಷಣ ಮುಗೀಲಿ."

ಆಕೆ ನಿಟ್ಟುಸಿರು ಬಿಟ್ಟು ಹೊಸ ಬಣ್ಣದ ಗೋಡೆ ನೋಡತೊಡಗಿದಳು. ಟ್ರಸ್ಟಿನವರು ಅಲ್ಲಿ ಆನೆ, ಜಿರಾಫೆ, ಜೊತೆಗೆ ಒಂದು ಪೆಂಗ್ವಿನ್ ಬರೆಸಿದ್ದರು.

"ಅದೇನು ಗೊತ್ತೇನವ್ವಾ?" ಅಂದೆ.

ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದಳು. "ಕಾಗಿ. ಬಿಳಿ ಬನೇನ್ ಹಾಕ್ಕೊಂಡದ."

ಅಕ್ಕೋರ ಕಡೆ ನೋಡಿದೆ. ಅವರು ತಿದ್ದಲಿಲ್ಲ.